ಹಳೇ ಹಾಯಿದೋಣಿಯಲ್ಲಿ ಸಂಸಾರ: ಮೊದಲು ನೀರಿನ ಜಾಡು ಹಿಡಿಯಿರಿ

ನನ್ನ ದೋಣಿ 32 ಅಡಿಯದು, ಫೈಬರ್‌ಗ್ಲಾಸಿನದು, ನನಗಿಂತ ಎರಡು ವರ್ಷ ದೊಡ್ಡದು. ಅದರಲ್ಲೇ ವಾಸ, ಅದರಲ್ಲೇ ರಿಪೇರಿ. ಮೊದಲ ವರ್ಷ ಉತ್ಸಾಹ ಜಾಸ್ತಿಯಾಗಿ ಒಂದೇ ವಾರದಲ್ಲಿ ಕಿಟಕಿ, ಅಡುಗೆ ಮೂಲೆ, ಇಂಜಿನ್ ಮೂರನ್ನೂ ಬಿಚ್ಚಿ ಹಾಕಿದೆ. ಮಲಗಲು ಜಾಗವಿಲ್ಲ, ಸ್ಪ್ಯಾನರ್ ಎಲ್ಲಿದೆ ಗೊತ್ತಿಲ್ಲ, ಮಳೆ ಬೇರೆ. ಅವತ್ತಿನಿಂದ ನನ್ನ ಕಟ್ಟಳೆ ಇಷ್ಟೇ: ಒಂದು ಸಲಕ್ಕೆ ಒಂದೇ ತೂತು. ಹಾಸಿಗೆ, ಒಲೆ ಎರಡನ್ನೂ ಮುಟ್ಟುವ ಹಾಗಿಲ್ಲ.

ಯಾವ ತೂತು ಮೊದಲು? ಅದನ್ನು ನೀರನ್ನೇ ಕೇಳಬೇಕು. ದೋಣಿಯ ತಳದಲ್ಲಿ ನೀರು ಸೇರುವ ಜಾಗವನ್ನು, ಅಂದರೆ ಬಿಲ್ಜ್ ಅನ್ನು, ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಮತ್ತೆ ನೀರು ಬಂದಾಗ ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿ. ಎಣ್ಣೆ ತೇಲುತ್ತಿದ್ದರೆ ಅಥವಾ ಟಾಯ್ಲೆಟ್ ಪೈಪು ಹತ್ತಿರವಿದ್ದರೆ ಮಾತ್ರ ಬೇಡ! ಸಮುದ್ರದಲ್ಲಿ ನಿಂತ ದೋಣಿಗೆ ಉಪ್ಪು ಅಂದರೆ ಕೆಳಗಿನಿಂದ ಬಂದ ನೀರು. ಸಪ್ಪೆ ಅಂದರೆ ಮಳೆ, ಇಲ್ಲವೇ ಕುಡಿಯುವ ನೀರಿನ ಟ್ಯಾಂಕು.

ಉಪ್ಪಿದ್ದರೆ ನಾಳೆಗೆ ಇಡಬೇಡಿ. ಸೀಕಾಕ್‌ಗಳನ್ನು, ಅಂದರೆ ತಳದ ತೂತುಗಳಿಗೆ ಕೂರಿಸಿದ ವಾಲ್ವ್‌ಗಳನ್ನು, ಒಂದೊಂದಾಗಿ ತೆರೆದು ಮುಚ್ಚಿ ನೋಡಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ನೀರಲ್ಲಿದ್ದಾಗ ಮುರಿದರೆ ಗತಿ ಏನು? ಲೋಹ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತುವು ಕರಗಿ ಹೋಗಿದೆ ಎಂದರ್ಥ. ಅಂಥದ್ದು ನೋಡಲು ಗಟ್ಟಿ, ತಟ್ಟಿದರೆ ಪುಡಿ. ದೋಣಿಯನ್ನು ಮೇಲೆತ್ತಿಸಿ ಬದಲಿಸಿ. ಮುರಿದರೆ ತೂತಿಗೆ ಬಡಿಯಲು ಪ್ರತಿ ಸೀಕಾಕ್ ಪಕ್ಕದಲ್ಲೂ ಅದರ ಅಳತೆಯ ಮೆದು ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಿ. ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಹಳೇ ಮಾದರಿಯ ಗ್ಲ್ಯಾಂಡ್ ಇಂಜಿನ್ ಓಡುವಾಗ ಆಗಾಗ ಒಂದು ಹನಿ ಬಿಟ್ಟರೆ ಗಾಬರಿ ಬೇಡ, ಅದು ತಂಪಾಗಿರುವುದೇ ಹಾಗೆ.

ಸಪ್ಪೆ ನೀರಿನ ಕಥೆ ಉದ್ದ. ನನ್ನ ದಿಂಬಿನ ಮೇಲೆ ಹನಿ ಬೀಳುತ್ತಿತ್ತು. ಸರಿಯಾಗಿ ಮೇಲಿದ್ದ ಕಿಟಕಿಗೆ ಮೂರು ಸಲ ಸೀಲಂಟ್ ಬಳಿದೆ. ಕಳ್ಳ ಇದ್ದದ್ದು ಎರಡು ಮೀಟರ್ ಮುಂದೆ, ಕೈಕಂಬಿಯ ಬುಡದ ಬೋಲ್ಟಿನಲ್ಲಿ! ನೀರು ಡೆಕ್‌ನ, ಅಂದರೆ ದೋಣಿಯ ಮೇಲ್ಹಾಸಿನ, ಅಡಿಯಲ್ಲೇ ಹರಿದು ಬರುತ್ತಿತ್ತು. ಹೊರಗಿನಿಂದ ಸೀಲಂಟ್ ಮೆತ್ತುವುದು ಸುಮ್ನೆ ದಂಡ. ಬೋಲ್ಟ್ ಬಿಚ್ಚಲೇಬೇಕು.

ಹಲವು ಹಳೇ ದೋಣಿಗಳ ಡೆಕ್‌ನಲ್ಲಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಇರುತ್ತದೆ. ತೂತಿನಿಂದ ನೀರು ಇಳಿದರೆ ಅದು ಕೊಳೆಯುತ್ತದೆ. ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ಸರಿ, ದಬ್ ಅಂದರೆ ಒದ್ದೆ. ಕಾಲಿಟ್ಟರೆ ಡೆಕ್ ಕುಗ್ಗುವಷ್ಟು ಹರಡಿದ್ದರೆ ಮೇಲಿನ ಪದರವನ್ನೇ ಕತ್ತರಿಸಬೇಕು, ಅದು ಬೇರೆಯೇ ಕೆಲಸ. ತೂತಿನ ಸುತ್ತ ಅಷ್ಟೇ ಆಗಿದ್ದರೆ ಬಾಗಿಸಿದ ಮೊಳೆಯನ್ನು ಡ್ರಿಲ್‌ಗೆ ಸಿಕ್ಕಿಸಿ, ಪದರಗಳ ನಡುವಿನ ಕೊಳೆತ ಮರವನ್ನು ಕೆರೆದು ತೆಗೆಯಿರಿ. ಚೆನ್ನಾಗಿ ಒಣಗಲಿ. ಇಲ್ಲಿ ಅವಸರ ಮಾಡಿದವರು ಮುಂದಿನ ಮಳೆಗಾಲ ಮತ್ತೆ ಇದೇ ಕೆಲಸ ಮಾಡುತ್ತಾರೆ, ನಾನೂ ಮಾಡಿದ್ದೇನೆ.

ಆಮೇಲೆ ತೂತಿನ ಅಡಿಗೆ ಟೇಪ್ ಅಂಟಿಸಿ. ಮೊದಲು ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಹಚ್ಚಿ ಮರ ಹೀರಲಿ, ನಂತರ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಸ್ವಲ್ಪ ಸ್ವಲ್ಪವೇ ಕಲೆಸಿ. ಡಬ್ಬಿಯಲ್ಲಿ ಜಾಸ್ತಿ ಇದ್ದರೆ ಬಿಸಿಯಾಗಿ ಹೊಗೆ ಏಳುತ್ತದೆ. ರಾತ್ರಿ ಅಲ್ಲೇ ಮಲಗುವವರು ಕಿಟಕಿ ತೆರೆದಿಡಿ. ಗಟ್ಟಿಯಾದ ಮೇಲೆ ಉಜ್ಜುವ ಮೊದಲು ನೀರಿನಿಂದ ತೊಳೆಯಿರಿ, ಮೇಲೆ ಮೇಣದಂಥ ಪದರ ಕೂತಿರುತ್ತದೆ. ಉಜ್ಜುವಾಗ ಮಾಸ್ಕ್ ಬಿಡಬೇಡಿ.

ಈಗ ನಡುವೆ ಹೊಸ ತೂತು ಕೊರೆದು ಬಾಯಿ ಸ್ವಲ್ಪ ಅಗಲ ಮಾಡಿ. ಬೋಲ್ಟಿಗೆ ಬ್ಯುಟೈಲ್ ಟೇಪ್, ಅಂದರೆ ಮೆತ್ತಗಿನ ರಬ್ಬರಿನಂಥ ಅಂಟುಪಟ್ಟಿ, ಸುತ್ತಿ ಕೂರಿಸಿ. ಮೇಲಿನಿಂದ ಬೋಲ್ಟ್ ತಿರುಗಬಾರದು, ಒಳಗಿನಿಂದ ನಟ್ ಮಾತ್ರ ತಿರುಗಬೇಕು. ಎರಡು ಮೂರು ದಿನ, ದಿನಕ್ಕೊಂದಿಷ್ಟು ಬಿಗಿ ಮಾಡಿ, ಬ್ಯುಟೈಲ್ ನಿಧಾನಕ್ಕೆ ಹಿಸುಕಿಕೊಂಡು ಹೊರಬರುತ್ತದೆ. ನೀರಿನ ಮಟ್ಟದ ಕೆಳಗೆ ಮಾತ್ರ ಇದನ್ನು ಬಳಸಬೇಡಿ. ಕೊನೆಗೆ ಒಳಗೆ ಟಿಶ್ಯೂ ಅಂಟಿಸಿ, ಮೇಲೆ ಬಕೆಟ್ ನೀರು ಸುರಿದು ನೋಡಿ.

ಹಾಯಿಕಂಬವನ್ನು ಹಿಡಿದ ತಂತಿಗಳಿಗೂ ಟಿಶ್ಯೂ ಸಾಕು. ತಂತಿ ಫಿಟಿಂಗ್ ಒಳಗೆ ಹೋಗುವ ಕಡೆ ಸವರಿ. ಎಲ್ಲಾದರೂ ಕಾಗದ ಸಿಕ್ಕಿಕೊಂಡರೆ ಎಳೆ ಮುರಿದಿದೆ. ಹಾಗಾದ ತಂತಿ ನಂಬಿ ಹಾಯಿ ಏರಿಸಬೇಡಿ.

ಇಂಜಿನ್ ಬಗ್ಗೆ ಒಂದೇ ಮಾತು. ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ಒಳಗೆ ತಿರುಗುವ ರೆಕ್ಕೆಚಕ್ರ) ವರ್ಷಕ್ಕೊಮ್ಮೆ ಬದಲಿಸಿ. ಹಳೆಯದರ ರೆಕ್ಕೆ ಎಣಿಸಿ. ನನ್ನದರಲ್ಲಿ ಆರಕ್ಕೆ ಎರಡು ಕಡಿಮೆ ಇದ್ದವು. ಒಂದು ಪೈಪಿನ ಬಾಗಿನಲ್ಲಿ ಸಿಕ್ಕಿತು. ಇನ್ನೊಂದನ್ನು ಹುಡುಕಲು ಅರ್ಧ ದಿನ ಹೋಯಿತು, ಇಂಜಿನ್ ತಂಪು ಮಾಡುವ ಹೀಟ್ ಎಕ್ಸ್‌ಚೇಂಜರಿನ ಬಾಯಿಗೆ ಅಡ್ಡ ಕೂತಿತ್ತು.