ಹಸಿವಿನ ಹಾಡಿಗೆ ಶ್ರುತಿ ಇಳಿಸಿದ್ದು

ಪವರ್ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತ ಅಂದರೆ ಕತ್ತಿ, ಡ್ರ್ಯಾಗನ್, ಕೊನೆಗೆ ಗೆಲುವು. ಹೀಗಾಗಿ ಬರಗಾಲದ ಮೇಲೆ ಆಲ್ಬಮ್ ಮಾಡೋಣ ಅಂದಾಗ ಬ್ಯಾಂಡಿನವರು ನಕ್ಕರು. ನಾನಿರುವುದು ಜರ್ಮನಿಯಲ್ಲಿ. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಗಿಟಾರ್.

ತಲೆಗೆ ಹೊಕ್ಕಿದ್ದು ಉತ್ತರ ಯುರೋಪಿನ 1315ರ ಬರ. ನಮ್ಮ ಕಡೆ ಮಳೆ ಬಾರದಿದ್ದರೆ ಬರ. ಅಲ್ಲಿ ಮಳೆ ನಿಲ್ಲದೆ ಬರ ಬಂತು! ವಸಂತದಲ್ಲಿ ಹಿಡಿದ ಮಳೆಗೆ ಪೈರು ಗದ್ದೆಯಲ್ಲೇ ಕೊಳೆಯಿತು. ಆ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡ್ ಸೇಂಟ್ ಆಲ್ಬನ್ಸ್‌ನಲ್ಲಿ ತಂಗಿದಾಗ ಅವನ ಪರಿವಾರಕ್ಕೇ ಬ್ರೆಡ್ ಸಿಗುವುದು ಕಷ್ಟವಾಯಿತಂತೆ. ಮರುವರ್ಷವೂ ಅದೇ ಮಳೆ. ಜನ ಬಿತ್ತನೆ ಕಾಳು ತಿಂದರು, ಉಳುವ ಎತ್ತು ಕಡಿದರು.

ನಾನು ಮೊದಲು ಬರೆದ ಮೂರು ಹಾಡು ಶುದ್ಧ ಕಸ. ಬರೀ ಗೋಳು. ಆಮೇಲೆ ಉಪ್ಪಿನ ವಿಷಯ ಓದಿದೆ. ಬಿಸಿಲಿಲ್ಲ, ಸೌದೆ ಒದ್ದೆ, ಹಾಗಾಗಿ ಉಪ್ಪುನೀರು ಆರುವುದಿಲ್ಲ. ಉಪ್ಪಿಲ್ಲ ಅಂದರೆ ಮಾಂಸ ಕೆಡದಂತೆ ಇಡೋದಾದರೂ ಹೇಗೆ? ಅಲ್ಲಿಂದ ದಾರಿ ಸಿಕ್ಕಿತು. ಒಂದು ಹಾಡಿಗೆ ಒಂದೇ ವಸ್ತು: ಉಪ್ಪು, ಬೀಜದ ಚೀಲ, ಎತ್ತು. ವೀರರು ಯಾರೂ ಬೇಡ.

ಜಾನಪದದ ಬಣ್ಣಕ್ಕೆ ಹರ್ಡಿ-ಗರ್ಡಿ ಅನ್ನೋ ಯುರೋಪಿನ ಹಳೇ ತಂತಿವಾದ್ಯ. ಮೊದಲು ಕಂಪ್ಯೂಟರಿನ ಸ್ಯಾಂಪಲ್ ಹಾಕಿದ್ದೆವು. ಜೀವವೇ ಇರಲಿಲ್ಲ. ಕೊನೆಗೆ ಅದನ್ನು ನುಡಿಸುವ ಗೆಳತಿಯೊಬ್ಬಳು ಬಂದಳು. ಹಿಡಿ ತಿರುಗಿಸಿದರೆ ರಾಳ ಹಚ್ಚಿದ ಮರದ ಚಕ್ರ ತಂತಿಗಳನ್ನು ಉಜ್ಜುತ್ತದೆ. ಚಕ್ರ ತಾಗುವ ಕಡೆ ತಂತಿಗೆ ಹತ್ತಿ ಸುತ್ತಬೇಕು, ಥೇಟ್ ದೀಪದ ಬತ್ತಿ ಹೊಸೆದ ಹಾಗೆ. ಜಾಸ್ತಿಯಾದರೆ ದನಿ ಮಂಕು, ಕಡಿಮೆಯಾದರೆ ಕರಕರ. ಒಂದಿಡೀ ಮಧ್ಯಾಹ್ನ ಅವಳು ಹತ್ತಿ ಸುತ್ತುತ್ತಾ ಕೂತಳು, ನಾವು ಸುಮ್ನೆ ಕಾಫಿ ಕುಡಿದೆವು.

ಅದರ ಶ್ರುತಿ ತಂತಿಗಳು ಒಂದೇ ಸ್ವರ ಹಿಡಿದು ಗುಂಯ್‌ಗುಡುತ್ತವೆ, ಮನಸ್ಸು ಬಂದಂತೆ ಬದಲಾಗುವುದಿಲ್ಲ. ನಾವೇ ಗಿಟಾರುಗಳನ್ನು 'ಈ' (E) ಸ್ವರದಿಂದ 'ಡಿ'ಗೆ (D) ಇಳಿಸಿದೆವು. ಡ್ರಮ್ಸ್ ನಿಮಿಷಕ್ಕೆ 180 ಬಡಿತದ ವೇಗದಲ್ಲಿ ಓಡುತ್ತಿತ್ತು. ಹರ್ಡಿ-ಗರ್ಡಿಯ ಗರಗರ ತಾಳ ಮಣಿಕಟ್ಟನ್ನು ಝಾಡಿಸುವುದರಿಂದ ಬರುವಂಥದ್ದು, ಅಷ್ಟು ವೇಗಕ್ಕೆ ಅವಳ ಕೈ ಸೋತಿತು. ಅದಕ್ಕೆ ಅವಳದು ಅರ್ಧ ವೇಗ. ಅದೇ ಚೆನ್ನಾಗಿತ್ತು ಅನ್ನಿ.

ರಾಗ? ಡೋರಿಯನ್ ಅಂತ ಇಲ್ಲಿಯವರು ಕರೆಯುವ ಸ್ವರಗಳು ಗಮಕ (ಸ್ವರದ ಓಲಾಟ) ತೆಗೆದ ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯವೇ. ಮೈನರ್ ಸ್ಕೇಲಿಗೆ ಪಳಗಿದ ನನ್ನ ಬೆರಳು ಮಾತ್ರ ಪದೇ ಪದೇ ಒಂದು ಮೆಟ್ಟಿಲು ಕೆಳಗಿನ ಶುದ್ಧ ಧೈವತಕ್ಕೇ ಜಾರುತ್ತಿತ್ತು. ಹನ್ನೊಂದನೇ ಟೇಕ್‌ಗೆ ಸರಿಹೋಯಿತು.

ಜಗಳ ಆದದ್ದು ಕೊನೆಯ ಪಲ್ಲವಿಗೆ. ಪವರ್ ಮೆಟಲ್‌ನಲ್ಲಿ ಅಲ್ಲಿ ಶ್ರುತಿ ಮೇಲೇರಿಸುವ ರೂಢಿ ಇದೆ, ಕೇಳುವವರು ಮುಷ್ಟಿ ಎತ್ತುತ್ತಾರೆ. 'ಉಪ್ಪು' ಹಾಡಿನಲ್ಲಿ ಒಂದು ಸ್ವರ ಕೆಳಗಿಳಿಸೋಣ ಅಂದೆ. ಹಾಡುವವನು ಮುಖ ಗಂಟಿಕ್ಕಿದ, ಅವನ ದೊಡ್ಡ ಎತ್ತರದ ಸ್ವರ ಹೋಯಿತಲ್ಲ. ಇಳಿಸಿದರೆ ಡಿ ಹಿಡಿದ ಹರ್ಡಿ-ಗರ್ಡಿ ಅಪಸ್ವರ. ಅದಕ್ಕೆ ಅಲ್ಲಿ ಚಕ್ರವನ್ನೇ ನಿಲ್ಲಿಸಿದೆವು. ಹಾಡಿನುದ್ದಕ್ಕೂ ಇದ್ದ ಗುಂಯ್ ಒಮ್ಮೆಲೇ ಇಲ್ಲ. ಕಾಲಡಿಯ ನೆಲ ಕುಸಿದ ಹಾಗೆ.

ಊರಿಗೆ ಕಳಿಸಿದೆ. ದೇವರನಾಮ ಹಾಡುವ ಅಮ್ಮ ಪೂರ್ತಿ ಕೇಳಿ ಫೋನ್ ಮಾಡಿದರು: "ಎಲ್ಲಾ ಸರಿ ಕಣೋ, ಕೊನೇಲಿ ಶ್ರುತಿ ಪೆಟ್ಟಿಗೆ ಯಾಕೆ ನಿಂತೋಯ್ತು? ಕರೆಂಟ್ ಹೋಯ್ತಾ?"