ಜ್ವರದ ದಿನ ನೀರು ನಿಲ್ಲಿಸಿದೆ, ಗೂಡು ಬಂತು

ಜಗಳೂರು ಸೀಮೆಯ ಏಪ್ರಿಲ್ ಬಿಸಿಲಲ್ಲಿ ಸೆಕೆ ತಾಳದ ದ್ವಿತಳಿ ರೇಷ್ಮೆ ಹುಳು ಮೇಯಿಸುತ್ತೇನೆ ಅಂದಾಗ ದೊಡ್ಡಪ್ಪ ನಕ್ಕಿದ್ದರು. "ಬ್ಯಾಸಿಗ್ಯಾಗ ಬಿಸಿಲು ತಡೆಯೋ ಮಿಶ್ರತಳಿ ಮಾಡಪ್ಪ. ಇಲ್ಲಾ ಸೊಪ್ಪಿನ ತೋಟ ಕಿತ್ತು ಅಡಿಕೆ ಹಾಕು." ಈ ಬೇಸಿಗೆ 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ) 78 ಕೆಜಿ ಗೂಡು ತೆಗೆದೆ. ನಮ್ಮ ಸುತ್ತಮುತ್ತ ಬೇಸಿಗೆಯಲ್ಲಿ ಇಷ್ಟು ತೆಗೆದವರನ್ನು ನಾನಂತೂ ನೋಡಿಲ್ಲ.

ಹಿಂದಿನ ಎರಡು ಬೇಸಿಗೆಯ ಕಥೆ ಬೇರೆ. ಮೊದಲ ಸಲ 150 ಮೊಟ್ಟೆ ತಂದಿದ್ದೆ. ಹುಳು ಮೇವು ಬಿಟ್ಟು ಕೂತು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೂರೇ ದಿನಕ್ಕೆ ಹಾಲು ರೋಗ, ಮೈಯಿಂದ ಹಾಲಿನಂಥ ರಸ ಸೋರಿ ಹುಳು ಸಾಯುವ ರೋಗ. ಹುಳುಗಳನ್ನೆಲ್ಲ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆ. ಸೊಪ್ಪಿನ ಲೆಕ್ಕ ಬಿಟ್ಟು 30 ಸಾವಿರ ಹೋಯಿತು. ಮರುವರ್ಷ ಸುಮಾರು 18 ಸಾವಿರ ಸುರಿದು ನೀರನ್ನು ಮಂಜಿನ ಹಾಗೆ ಚಿಮ್ಮಿಸುವ ಫಾಗರ್ ಹಾಕಿಸಿದೆ, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದೆ, ಸುತ್ತ ಗೋಣಿ ಚೀಲ ಕಟ್ಟಿದೆ. ಒಳಗೆ 37 ಡಿಗ್ರಿ ಇದ್ದದ್ದು 29ಕ್ಕೆ ಇಳಿಯಿತು. ಆದರೂ ಬಂದದ್ದು 31 ಕೆಜಿ!

ತಪ್ಪು ಗೊತ್ತಾಗಲು ಒಂದು ರಾತ್ರಿ ಬ್ಯಾಟರಿ ಹಿಡಿದು ಕೂರಬೇಕಾಯಿತು. ಹುಳು ತಲೆ ಎತ್ತಿ ಜ್ವರಕ್ಕೆ ಕೂತಾಗಲೂ ನಾನು ಫಾಗರ್ ಓಡಿಸುತ್ತಿದ್ದೆ. ತಂಪು ಬೇಕಲ್ವಾ ಅಂತ. ಹಾಸಿಗೆ ಒದ್ದೆ, ಸೊಪ್ಪು ಬಾಡದು, ಕೆಲವು ಹುಳು ಮೇಯುತ್ತಲೇ ಇದ್ದವು. ಒಂದಷ್ಟು ಇವತ್ತು ಪೊರೆ ಕಳಚಿದರೆ ಇನ್ನೊಂದಷ್ಟು ನಾಳೆ. ಕೆಲವಕ್ಕೆ ಹಳೇ ಚರ್ಮ ಬಾಲದ ಹತ್ತಿರವೇ ಸಿಕ್ಕಿಕೊಂಡಿತ್ತು. ಬೇರೆ ದಿನ ಬೇಕಾದ ತೇವ ಆ ಒಂದು ದಿನ ವಿಷ.

ಈ ಸಲ ಹತ್ತಕ್ಕೆ ಒಂಬತ್ತು ಹುಳು ಕೂತ ಕೂಡಲೇ ಸೊಪ್ಪು ಬಂದ್, ಮೇಲೆ ಸುಣ್ಣದ ಪುಡಿ, ಫಾಗರ್ ಆಫ್. ಹೊರಗಿನ ಗೋಣಿ ಮಾತ್ರ ಒದ್ದೆ ಮಾಡಿದೆ, ಒಳಗೆ ಒಂದು ಹನಿಯೂ ಬೀಳದ ಹಾಗೆ. ಮೊದಲು ಎದ್ದವು ಹಸಿದರೆ ಹಸಿಯಲಿ ಅಂತ ಎಲ್ಲಾ ಏಳುವವರೆಗೆ ಕಾದೆ. ಮನೆಯವಳಿಗೆ ತಡೆಯಲಾಗಲಿಲ್ಲ, "ಪಾಪ ರೀ, ಒಂದ್ ರೆಂಬೆ ಹಾಕ್ರಿ" ಅಂದಳು. ಹಾಕಲಿಲ್ಲ. ನಾಲ್ಕನೇ ಜ್ವರಕ್ಕೆ ಇನ್ನೊಂದು ಕೈಚಳಕ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಾಲ್ಕನೇ ಜ್ವರ ಎದ್ದ ಮೇಲಿನ ಐದನೇ ಹಂತದಲ್ಲಿ ಎಲ್ಲಾ ಒಂದೇ ಗಾತ್ರ, ಎಂಟನೇ ದಿನ ಬಹುಪಾಲು ಒಟ್ಟಿಗೆ ಹಣ್ಣಾದವು, ಅಂದರೆ ಗೂಡು ಕಟ್ಟಲು ತಯಾರಾದವು. ಗೂಡು ಕಟ್ಟಲು ಬಿಡುವ ಚಂದ್ರಿಕೆಗೆ ಹಾಕಲು ಒಂದೇ ದಿನದ ಆಳು ಸಾಕಾಯಿತು.

ಸುಮ್ನೆ ಕುತೂಹಲಕ್ಕೆ ರೇಷ್ಮೆ ಹುಳುವನ್ನು ತಿಂದು ಬೆಳೆಯುವ ಊಜಿ ನೊಣದ ಮರಿಹುಳುಗಳನ್ನು ಮಣ್ಣಿನ ಜೊತೆ ಬಾಟಲಿಗೆ ಹಾಕಿಟ್ಟಿದ್ದೆ. ಮಣ್ಣೊಳಗೆ ಕೋಶ ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ನೊಣ ಹೊರಬಂತು. ನೆಲದ ಬಿರುಕಿಗೆ ಸಿಮೆಂಟ್ ಮೆತ್ತಿದ್ದು ಅದನ್ನು ನೋಡಿದ ಮೇಲೆ. ನಾಲ್ಕು ಗೂಡು ಬಿಡಿಸದೆ ಇಟ್ಟೆ, ಚಿಟ್ಟೆ ಬರಲಿ ಅಂತ. ಬಂತು, ಗೂಡು ತೂತಾಯಿತು. ಬಾಯಿಗೆ ಏನೂ ಮುಟ್ಟಿಸದೆ ಪೇಪರ್ ಮೇಲೆ ಮೊಟ್ಟೆ ಇಟ್ಟು ಸತ್ತುಹೋಯಿತು. ಹಳದಿ ಮೊಟ್ಟೆ ಈಗ ಕಪ್ಪಾಗಿವೆ. ದ್ವಿತಳಿ ಮೊಟ್ಟೆ ಈಗಲೇ ಒಡೆಯಲ್ಲ ಅಂದರೂ ಮಗಳು ದಿನಾ ಇಣುಕುತ್ತಾಳೆ.

ಗೂಡನ್ನು ರಾಮನಗರದ ಗೂಡಿನ ಮಾರುಕಟ್ಟೆಗೇ ಒಯ್ದೆ. ಕೆಜಿಗೆ 600ರ ಮೇಲೆ ಸ್ವಲ್ಪ ಸಿಕ್ಕಿತು. ಚಾಕಿ (ಎರಡನೇ ಜ್ವರದವರೆಗೆ ಸಾಕಿ ಮಾರುವ ಮರಿ ಹುಳು), ಆಳು, ಗಾಡಿ ಬಾಡಿಗೆ ಎಲ್ಲ ಕಳೆದು 32 ಸಾವಿರ ಉಳಿಯಿತು. ಚಾಕಿ ಹುಳು ಸಮ ಇದ್ದಿದ್ದರೆ ಇನ್ನೂ ಜಾಸ್ತಿ ಬರುತ್ತಿತ್ತು. ಎರಡನೇ ಜ್ವರ ಪೂರ್ತಿ ಏಳದವನ್ನೂ ಸೇರಿಸಿ ಕೊಟ್ಟಿದ್ದರು. ಮುಂದಿನ ಬೆಳೆಗೆ 200 ಮೊಟ್ಟೆ ಹೇಳಿದ್ದೇನೆ, ಬೇರೆ ಕಡೆ.