ಸಾಗರದಲ್ಲಿ ಕೂತು ಸಮುದ್ರದ ಲೆಕ್ಕ ಬರೆಯುವುದು ಹೇಗೆ?

ಕಡಲ ಜೀವಿಗಳ ದತ್ತಾಂಶ ಯೋಜನೆಯೊಂದರಲ್ಲಿ ಸಹಾಯಕಿಯಾಗಿದ್ದೇನೆ ಎಂದರೆ ನೆಂಟರು ಮೊದಲು ಕೇಳುವುದು, ಈಜು ಬರುತ್ತದೆಯೇ ಎಂದು. ಬರುವುದಿಲ್ಲ. ಯಾರೋ ದೋಣಿಯಲ್ಲಿ ಕೂತು ಪೆನ್ಸಿಲಿನಲ್ಲಿ ಗೀಚಿದ ಪುಟಗಳನ್ನು ಮಲೆನಾಡಿನ ಸಾಗರ ಪೇಟೆಯ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಪ್ರಾಣಿಶಾಸ್ತ್ರ ಓದಿದವರಿಗೆ ಇಂಥ ಹುದ್ದೆ ಸಿಗುತ್ತದೆ. ತಾತ್ಕಾಲಿಕ ಹುದ್ದೆ, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು ಎಂದು ತಿಳಿದೇ ಸೇರಿಕೊಳ್ಳಿ.

ಮೊದಲ ದಿನವೇ ಕಡತಕ್ಕೆ ಎರಡು ಪ್ರತಿ ಮಾಡಿ. ಒಂದರಲ್ಲಿ ಪುಟದಲ್ಲಿರುವುದನ್ನು ತಪ್ಪುಗಳ ಸಮೇತ ಇದ್ದಂತೆಯೇ ಇಳಿಸಿ. ಆಮೇಲೆ ಅದನ್ನು ಮುಟ್ಟಬೇಡಿ. ತಿದ್ದುವುದೆಲ್ಲ ಇನ್ನೊಂದರಲ್ಲಿ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವುದರಿಂದ ಹತ್ತು ಸಾಲಿಗೊಮ್ಮೆ ಉಳಿಸಿಕೊಳ್ಳುವುದನ್ನೂ ರೂಢಿ ಮಾಡಿಕೊಳ್ಳಿ. ಕಾಲಂಗಳ ಹೆಸರನ್ನು ನೀವೇ ಹುಟ್ಟುಹಾಕಬೇಕಿಲ್ಲ. ಡಾರ್ವಿನ್ ಕೋರ್ ಎಂಬ ಮಾನಕವಿದೆ, ಜಗತ್ತೆಲ್ಲ ಅದನ್ನೇ ಬಳಸುತ್ತದೆ.

ಮುಂದಿನದು ಹೆಸರು. ಪುಟದಲ್ಲಿ ಬಂಗುಡೆ ಎಂದಿದ್ದರೆ ಅದರ ವೈಜ್ಞಾನಿಕ ಹೆಸರು ಬೇಕು: ರಾಸ್ಟ್ರೆಲ್ಲಿಗರ್ ಕನಗೂರ್ತಾ. 1816ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕ್ಯುವಿಯೆ ಇದನ್ನು ಸ್ಕಾಂಬರ್ ಕುಲಕ್ಕೆ ಸೇರಿಸಿದ್ದ. ಹಳೆಯ ಪಟ್ಟಿಗಳಲ್ಲಿ ಆ ಹೆಸರೂ ಸಿಗುತ್ತದೆ. ವರ್ಮ್ಸ್ ಎಂಬ ಕಡಲ ಜೀವಿಗಳ ಜಾಗತಿಕ ನೋಂದಣಿಗೆ ಇಡೀ ಪಟ್ಟಿಯನ್ನು ಒಟ್ಟಿಗೇ ಕೊಟ್ಟರೆ ಹಳೆಯ ಹೆಸರಿಗೆ ಈಗಿನ ಹೆಸರನ್ನೂ ಪ್ರತಿ ಜೀವಿಗೊಂದು ಸಂಖ್ಯೆಯನ್ನೂ ಕೊಡುತ್ತದೆ. ಅದು ಕಾಗುಣಿತ ಹಿಡಿಯುತ್ತದೆ, ಕನ್ನಡ ಹಿಡಿಯುವುದಿಲ್ಲ. ಆರಂಭದಲ್ಲಿ ನಾನು ಒಂದು ಪುಸ್ತಕದಲ್ಲಿ ‘ಕಾಣೆ’ ಎಂದು ಬರೆದ ಕಡೆಯೆಲ್ಲ ‘ಮೀನು ಇರಲಿಲ್ಲ’ ಎಂದು ನಮೂದಿಸಿ, ಪಕ್ಕದಲ್ಲಿ 12, 30 ಎಂಬ ಅಂಕಿಗಳೇಕಿವೆ ಎಂದು ತಲೆ ಕೆರೆದುಕೊಂಡಿದ್ದೆ. ಕಾಣೆ ಎಂಬುದೊಂದು ಮೀನು, ಕರಾವಳಿಯವರು ಬಾಯಿ ಚಪ್ಪರಿಸಿ ತಿನ್ನುವ ಮೀನು. ಊರ ಹೆಸರುಗಳ ಪಟ್ಟಿಯೊಂದನ್ನು ಬರೆದವರನ್ನೇ ಕೇಳಿ ಮಾಡಿಟ್ಟುಕೊಳ್ಳಿ.

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಬೇಕು: 2019-07-03. ಪುಟದಲ್ಲಿ 3/7/2019 ಎಂದಿದ್ದರೆ ಅದು ಜುಲೈ 3ಓ ಮಾರ್ಚ್ 7ಓ? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಯಂತ್ರದಿಂದ ಬಲೆ ಎಳೆಯುವ ಟ್ರಾಲ್ ದೋಣಿಯ ದಾಖಲೆಗೆ ಜುಲೈ ತಿಂಗಳು ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಹಾಗೆಂದು ನೀವೇ ಮಾರ್ಚ್ ಎಂದು ತಿದ್ದಿಬಿಡಬೇಡಿ.

ಹೆಚ್ಚು ಹೊತ್ತು ಹಿಡಿಯುವುದು ಜಾಗ. ಅಕ್ಷಾಂಶ 14 ಡಿಗ್ರಿ 15 ನಿಮಿಷ ಎಂದರೆ 14.25, 14.15 ಅಲ್ಲ. ಇಲ್ಲೂ ಗಡಿಯಾರದ ಹಾಗೆ 60 ನಿಮಿಷಕ್ಕೆ ಒಂದು ಡಿಗ್ರಿ. ಈ ಒಂದು ತಪ್ಪಿಗೆ ಬಲೆ ಬೀಸಿದ ಜಾಗ ಸುಮಾರು 11 ಕಿಲೊಮೀಟರ್ ದಕ್ಷಿಣಕ್ಕೆ ಸರಿಯುತ್ತದೆ. ಅಕ್ಷಾಂಶ, ರೇಖಾಂಶ ಅದಲು ಬದಲಾದರಂತೂ ಹೊನ್ನಾವರದ ಬಂಗುಡೆ ನಾರ್ವೆಯ ಉತ್ತರದ ಕೊರೆಯುವ ಕಡಲಿಗೆ ಹೋಗಿ ಬೀಳುತ್ತದೆ. ಊರ ಹೆಸರಷ್ಟೇ ಇರುವ ಚೀಟಿಗಳದು ಇನ್ನೊಂದು ರಗಳೆ. ಏಡಿಯೊಂದರ ಚೀಟಿಯಲ್ಲಿ ‘ಸಾಗರ’ ಎಂದಿತ್ತು. ಹುಡುಕುವ ತಂತ್ರಾಂಶ ನೇರ ನಮ್ಮ ಪೇಟೆಯನ್ನೇ ತೋರಿಸಿತು. ಅದು ಬಂಗಾಳದಲ್ಲಿ ಹೂಗ್ಲಿ ಕಡಲು ಸೇರುವಲ್ಲಿರುವ ಸಾಗರ ದ್ವೀಪ. ಕಡಲಿಲ್ಲದ ಊರಿಗೆ ಇಂಥ ಹೆಸರಿಟ್ಟವರ ಮೇಲೆ ಅಂದು ಸ್ವಲ್ಪ ಸಿಟ್ಟೇ ಬಂತು. ಊರ ಹೆಸರಿನಿಂದ ಜಾಗ ಗುರುತಿಸಿದಾಗ ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬುದನ್ನೂ ಬರೆಯಬೇಕು. ಅದಕ್ಕೂ ಒಂದು ಕಾಲಂ ಇದೆ, ಬಹುತೇಕರು ಅದನ್ನು ಖಾಲಿ ಬಿಡುತ್ತಾರೆ.

ಅನುಮಾನದ ಸಾಲುಗಳನ್ನು ಅಳಿಸಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಅಡಿಕೆ ವಿಂಗಡಿಸುವಾಗ ಕಡಿಮೆ ದರ್ಜೆಯ ಗೊರಬಲನ್ನು ಯಾರೂ ಎಸೆಯುವುದಿಲ್ಲ, ರಾಶಿಗೆ ಬೆರೆಸುವುದೂ ಇಲ್ಲ. ಬೇರೆ ಚೀಲಕ್ಕೆ ತುಂಬುತ್ತಾರೆ. ಇಲ್ಲಿಯೂ ಅಷ್ಟೇ. ಅನುಮಾನದ ಸಾಲಿನ ಷರಾದಲ್ಲಿ ಏನು ಸಂಶಯ, ಯಾರನ್ನು ಕೇಳಿದಿರಿ, ಅವರು ಏನೆಂದರು ಎಂದು ಬರೆದಿಡಿ. ಬರೆದವರ ಫೋನ್ ಸಂಖ್ಯೆ ಸಿಕ್ಕರೆ ಸಂಕೋಚ ಬಿಟ್ಟು ಕೇಳಿ. ಕಡಲಿಗೆ ಹೋಗಿದ್ದವರು ಅವರು, ನಾವಲ್ಲ.

ಇದೆಲ್ಲ ಆದ ಮೇಲೆ ಕಡತ ಮೇಲಿನವರಿಗೆ, ಅಲ್ಲಿಂದ ಓಬಿಸ್ ಎಂಬ ಜಾಗತಿಕ ಭಂಡಾರಕ್ಕೆ ಹೋಗುತ್ತದೆ. 2009ರಿಂದ ಅದು ಯುನೆಸ್ಕೊದ ಅಂತರಸರ್ಕಾರಿ ಸಾಗರ ಆಯೋಗದ ಸುಪರ್ದಿಯಲ್ಲಿದೆ. ಭಾರತದ ಶಾಖೆ ಇಂಡೋಬಿಸ್ ಇರುವುದು ಕೊಚ್ಚಿಯಲ್ಲಿ.

ಕಳಿಸುವ ಮುನ್ನ ಎಲ್ಲ ಸಾಲುಗಳನ್ನೂ ನಕ್ಷೆಯ ಮೇಲೆ ಚುಕ್ಕೆಯಾಗಿಸಿ ನೋಡಿ. ನನ್ನ ಕಳೆದ ಕಡತದ ಮೂರು ಚುಕ್ಕೆಗಳು ಲಿಂಗನಮಕ್ಕಿ ಹಿನ್ನೀರಿನಲ್ಲಿ ತೇಲುತ್ತಿದ್ದವು. ಹೇಗೂ ನೀರಿನಲ್ಲೇ ಇವೆಯಲ್ಲ ಎಂದು ಬಿಡಲು ಮನಸ್ಸಾಗದೆ ಮೂಲ ಪುಟ ತೆಗೆದೆ. ಎರಡರಲ್ಲಿ ರೇಖಾಂಶ 74 ಎಂದಿದ್ದುದನ್ನು ನಾನೇ 75 ಎಂದು ಹೊಡೆದಿದ್ದೆ. ಮೂರನೆಯದು ಇನ್ನೂ ಗೊರಬಲು ಚೀಲದಲ್ಲಿದೆ.